ಹಾಲು ತುಪ್ಪ ಎಲ್ಲಿಗೆ

ಫಾರಂ ಇದ್ದದ್ದು ಟ್ರಂಕಿನ ತಳದಲ್ಲಿ,
ಎಲ್‌ಐಸಿ ಬಾಂಡು, ಹಳೇ ರೇಷನ್ ಕಾರ್ಡಿನ ಕೆಳಗೆ.
ಹನ್ನೆರಡು ವರ್ಷದ ಹಿಂದೆ ಮೇಷ್ಟ್ರು ತುಂಬಿ
ಸಾಕ್ಷಿ ಅನ್ನುವಲ್ಲಿ ಬೆರಳಿಟ್ಟು,
"ಓದಿ ನೋಡಿ ಹಾಕು" ಎಂದಿದ್ದರು.
ಓದಿದೆ. ಮೂರು ದಿನ ಮಾತು ಬಿಟ್ಟೆ.
ನಾಲ್ಕನೇ ದಿನ ರುಜು ಹಾಕಿದೆ.

ಹೊಳೆನರಸೀಪುರದ ನಮ್ಮ ಜಗಲಿ ಮುಂದೆ
ಜವರಪ್ಪ ಭಾವ ಬಿದಿರು ತರಿಸಿಯಾಗಿತ್ತು.
"ಕೊಯ್ಯೋಕೆ ಕೊಡ್ತೀಯೇನಮ್ಮಾ?
ಮಣ್ಣು ಕಾಣದ ಜೀವ ಅಲೀತದೆ, ನೋಡ್ಕೋ."
ಇತ್ತ ಹಾಸನದಿಂದ ಬಂದ ಗೆಳೆಯರು,
ಗ್ರಹಣದ ಹೊತ್ತಲ್ಲಿ ಮೇಷ್ಟ್ರ ಜತೆ
ಬಸ್ಟ್ಯಾಂಡಿನಲ್ಲಿ ನಿಂತು ಮಂಡಕ್ಕಿ ತಿಂದವರು,
ತಲೆದೆಸೆಯ ದೀಪ ನೋಡಿ ಮೆಲ್ಲಗೆ,
"ಅಮ್ಮಾ, ಸಾರ್ ಇದನ್ನ ಒಪ್ತಿರಲಿಲ್ಲ."
ದೀಪ ನಂದು, ಅವರದಲ್ಲ ಅಂದೆ.
ದೇಹ ಅವರದು, ನಂದಲ್ಲ ಅಂತ
ಬಿದಿರಿನ ಕಡೆಗೂ ಹೇಳಿದೆ.
ಆಮೇಲೆ ಯಾರಿಗೂ ಏನೂ ಹೇಳಲಿಲ್ಲ. ಎಣ್ಣೆ ಹೊಯ್ದೆ.

ಮದುವೆಯಾದಾಗ ನನಗೆ ಅಕ್ಷರ ಬರುತ್ತಿರಲಿಲ್ಲ.
ಮೊರದಲ್ಲಿ ಅಕ್ಕಿ ಹರಡಿ ತಿದ್ದಿಸಿದವರು ಅವರು.
ಎರಡು ವರ್ಷಕ್ಕೆ, ನಾನೇ ಸಂತೆಯಲ್ಲಿ
ಎಂಟಾಣೆ ಕೊಟ್ಟು ತಂದು ಓದಿದ ಮೊದಲ ಪುಸ್ತಕ
ಒಂದು ವ್ರತದ ಕಥೆ.
ಮೇಷ್ಟ್ರ ಮುಖ ಹುಳ್ಳಗಾಯಿತು.
ಕಿತ್ತುಕೊಳ್ಳಲಿಲ್ಲ. ಪುಟ ತಿರುವಿ,
"ಪ್ರತ್ಯಕ್ಷದ ಒತ್ತಕ್ಷರ ತಪ್ಪು ಅಚ್ಚಾಗಿದೆ" ಎಂದು
ಕೆಂಪು ಪೆನ್ನಲ್ಲಿ ತಿದ್ದಿ ಕೊಟ್ಟರು.
ಈಗಲೂ ದೇವರು ಬರುವ ಜಾಗದಲ್ಲಿ
ಅವರ ಅಕ್ಷರ ಸಿಗುತ್ತದೆ.

ಗುದ್ದಾಡಲಿಲ್ಲವೆಂದಲ್ಲ.
ಮಗಳ ಮುಡಿ ತೆಗೆಸುವ ಹರಕೆಗೆ ಒಂದು ತಿಂಗಳು ಜಗಳ.
"ಅವಳ ತಲೆ. ದೊಡ್ಡವಳಾಗಲಿ, ಅವಳನ್ನೇ ಕೇಳು."
ಸೋತೆ. ಆ ಸೋಲು ಇವತ್ತಿಗೂ ಒಂದಿಷ್ಟು ಉರಿಯುತ್ತದೆ.
ದೊಡ್ಡವಳಾಗಿ, ಯಾರೂ ಕೇಳದೆ,
ಅವಳೇ ಹೋಗಿ ಕೊಟ್ಟು ಬಂದಳು.
ಬೋಳುತಲೆ ಕಂಡ ಮೇಷ್ಟ್ರು ತುಟಿ ಎರಡು ಮಾಡದೆ
ಪೇಟೆಗೆ ಹೋದರು. ಬಂದಾಗ ಕೈಯಲ್ಲಿ ಟೋಪಿ, ಬಿಸಿಲಿಗೆ.

ಕರ್ಪೂರ ಮುಗಿದರೆ ಸೈಕಲ್ ಹತ್ತಿದವರೂ ಅವರೇ.
"ಬೂದಿ ಬಿಡದೆ ಉರಿಯೋ ವಸ್ತು!
ನನ್ನ ಲ್ಯಾಬಲ್ಲಿ ಇಷ್ಟು ಚೆಂದದ ಪಾಠ ಇಲ್ಲ ಕಣೇ."

ಮೂರನೇ ದಿನ. ಹಾಲು ತುಪ್ಪ ಬಿಡಬೇಕು.
ಬಿಡೋಕೆ ಗುಡ್ಡೆ ಇಲ್ಲ.
ಡಬ್ಬಿಗೆ ಹಾಲು, ಔಷಧಿ ಸೀಸೆಗೆ ತುಪ್ಪ ತುಂಬಿ
ಆರೂಮುಕ್ಕಾಲರ ಬಸ್ಸು ಹತ್ತಿದೆ.
ಆಧಾರ್ ತೋರಿಸಿದ್ದಕ್ಕೆ ಸೊನ್ನೆ ರೂಪಾಯಿ ಟಿಕೆಟ್ಟು.
ಮೊಸಳೆಹೊಸಳ್ಳಿ ದಾಟುವಾಗ ಅನ್ನಿಸಿತು,
ಹೋಗಿ ಏನೆಂದು ಕೇಳಲಿ?

"ವಾರ್ಡಿಗೆ ಊಟಾನಾ?" ಅಂದ ಗೇಟಿನವನು. ಹೂಂ ಅಂದೆ.
ಅಂಗರಚನಾ ವಿಭಾಗ. ಬೋರ್ಡು ಕೂಡಿಸಿ ಓದಿದೆ.
ಬಾಗಿಲಲ್ಲಿ ಬಿಳಿಕೋಟಿನ ಹುಡುಗ, ಸಿಂದಗಿ ಕಡೆಯವನು.
"ಅವರನ್ನ ಈಗ ಯಾರೂ ಮುಟ್ಟೂದಿಲ್ಲ ಅಮ್ಮಾರ,
ಔಷಧದಾಗ ಇಟ್ಟಿರ್ತಾರ್ರಿ. ಭಾಳ ದಿನ ಆಗ್ತದ."
ಆಮೇಲೆ ಮೊದಲು ಏನು ಕಲೀತೀರಪ್ಪಾ?
"ಕೈ ರೀ."

ಕೈ.
ಸೀಮೆಸುಣ್ಣ ಹಿಡಿದು ಹಿಡಿದು
ತೋರುಬೆರಳ ಪಕ್ಕ ಒಂದು ಗಂಟಿದೆ,
ಏನೋ ರೋಗ ಅಂತ ತಲೆ ಕೆಡಿಸ್ಕೋಬೇಡಿ ಅಂದೆ.
ಹುಡುಗ ನಗಲಿಲ್ಲ. ಅಂಗೈಯಲ್ಲೇ ಬರೆದುಕೊಂಡ.

"ಡಬ್ಬ್ಯಾಗ ಏನೈತ್ರಿ?"
ಹಾಲು. ಬೆಳಗ್ಗೆ ನೀನೇನೂ ತಿಂದಿಲ್ಲ, ಮುಖ ಹೇಳುತ್ತೆ.
ಅವನು ಅತ್ತ ಇತ್ತ ನೋಡಿ, ನಿಂತೇ ಕುಡಿದ.

ಶಾಸ್ತ್ರ ಆಯಿತೋ ಇಲ್ಲವೋ.
ಭಾವನನ್ನು ಕೇಳಲಿಲ್ಲ, ಆ ಗೆಳೆಯರನ್ನೂ.
ತುಪ್ಪ ಹಾಗೇ ಉಳಿದಿತ್ತು.
ರಾತ್ರಿ ಬಿಸಿ ಮುದ್ದೆಗೆ ಸುರುವಿಕೊಂಡು ಉಂಡೆ.
ತುಂಬ ಹಸಿವಾಗಿತ್ತು.