ಎಡಗಾಲು

ನಾನು ಕಾಲು ಮುಂದಾಗಿ ಬಂದವಳು.
ಮಂಡ್ಯದ ದೊಡ್ಡಾಸ್ಪತ್ರೆಯಲ್ಲಿ, ಕರೆಂಟು ಹೋದ ರಾತ್ರಿ,
ಮೊದಲು ಕಂಡದ್ದು ಎಡಗಾಲಂತೆ;
ಉಳಿದ ನಾನು ಬಹಳ ಹೊತ್ತಿಗೆ.
ಅವ್ವ ಸತ್ತು ಬದುಕಿದಳು.
ನಮ್ಮ ಗುತ್ತಲು ಬೀದಿ ಮಾತ್ರ ಒಂದೇ ಮಾತು ಹಿಡಿಯಿತು:
ಇನ್ನು ಉಳುಕಿಗೆ ಎಲ್ಲಿಗೂ ಹೋಗುವಂತಿಲ್ಲ.

ಏಳು ವರ್ಷಕ್ಕೇ ನನಗೆ ಗಿರಾಕಿಗಳು.
ಸಕ್ಕರೆ ಫ್ಯಾಕ್ಟ್ರಿ ಕೂಗಿದ ಮೇಲೆ
ಮೂಟೆ ಹೊರುವವರು ಗೋಡೆ ಹಿಡಿದು ಹಿಡಿದು ಬರುವರು,
ಅಂಗಿ ಬಿಚ್ಚಿ ನಮ್ಮ ಜಗಲಿಯ ಮೇಲೆ ಬೋರಲು.
'ಎಡಗಾಲು ಕಣವ್ವ. ಮೂರು ಸಲ. ಮೆತ್ತಗೆ.'
ಅಪ್ಪನ ಬೆರಳು ಹಿಡಿದು ಹತ್ತುತ್ತಿದ್ದೆ.

ಹೊಂಬಾಳಯ್ಯನ ಬೆನ್ನು ಬಿಸಿಲಿಗೆ ಕಾದ ಚಪ್ಪಡಿ.
ಸಣ್ಣಬೋರನದು ಎರಡು ಬದು, ನಡುವೆ ಕಾಲುವೆ,
ಕಾಲುವೆಯಲ್ಲಿ ಬೆವರು, ಬೆವರಿಗೆ ಅಂಟಿದ ಸಕ್ಕರೆ.
ಇಳಿದ ಮೇಲೆ ನನ್ನ ಪಾದಕ್ಕೆ ಇರುವೆ ಮುತ್ತುತ್ತಿದ್ದವು.
'ಹೋಯ್ತು ಕಣವ್ವ' ಎಂದು ಎದ್ದು ಕೂರುವರು.
ಕೂಲಿ ನಾಲ್ಕಾಣೆ, ಇಲ್ಲವೇ ಅಚ್ಚುಬೆಲ್ಲ;
ಒಮ್ಮೆ ಒಂದು ಜೊತೆ ಹವಾಯಿ ಚಪ್ಪಲಿ,
ಆ ಕಾಲು ಜೋಪಾನ ಎಂದು.

ಈಗ ನನಗೆ ನಲವತ್ತೊಂಬತ್ತು.
ಶಾಲೆಯ ಬಿಸಿಯೂಟದ ಅನ್ನದ ಡಬರಿ
ಒಲೆಯಿಂದ ಇಳಿಸುವಾಗ ಸೊಂಟದೊಳಗೆ
ಯಾರೋ ಹಸಿ ಕಡ್ಡಿ ಮುರಿದರು.
ಡಬರಿ ಬಿಡಲಿಲ್ಲ. ನೂರ ಹತ್ತು ಮಕ್ಕಳ ಅನ್ನ.
ನೆಲ ಮುಟ್ಟಿಸಿದೆ.
ಆಮೇಲೆ ನಾನು ನೆಟ್ಟಗಾಗಲಿಲ್ಲ.

ಮನೆಯಲ್ಲೀಗ ನಾನೇ ಒಂದು ಅಡುಗೆ.
ಬಾಣಲೆಯಲ್ಲಿ ಕಲ್ಲುಪ್ಪು ಚಟಪಟ,
ಮಗಳ ಹಳೆಯ ಕಾಲುಚೀಲಕ್ಕೆ ತುಂಬಿ ಗಂಟು ಹಾಕಿದರೆ
ನೀಲಿ ಪಟ್ಟೆಯ ಶಾಖ.
ಹಂಡೆಯಲ್ಲಿ ಲಕ್ಕಿಸೊಪ್ಪು, ಸ್ನಾನಕ್ಕೆ.
ಎದುರುಮನೆ ಮುಬೀನಾ ಕಾಯಿಸಿ ಕೊಟ್ಟ ಹರಳೆಣ್ಣೆ,
ತಳದಲ್ಲಿ ಕಂದಿದ ಬೆಳ್ಳುಳ್ಳಿ.
ಮಂಡಿ ಕೆಳಗೆ ದಿಂಬು; ದಿಂಬು ಸಾಲದೆ
ಅದರ ಕೆಳಗೆ ಐದು ಕೆಜಿ ರಾಗಿಹಿಟ್ಟಿನ ಚೀಲ.

ಡಾಕ್ಟರಮ್ಮ ಚೀಟಿಯ ಹಿಂದೆ ಕಡ್ಡಿಮನುಷ್ಯನ ಬರೆದಳು:
ಮಂಡಿ ಎದೆಗೆ, ಹತ್ತು ಎಣಿಸಿ, ಬಿಡಿ.
ಮಲಗಿಯೇ ಇರಬೇಡಿ, ಮನೆಯೊಳಗೇ ಓಡಾಡಿ.
ಕಾಲು ಜೋಮು ಹಿಡಿದರೆ ತಕ್ಷಣ ಬನ್ನಿ.
ಮತ್ತೆ, ಯಾರ ಕೈಲೂ ತುಳಿಸಬೇಡಿ.
ನಕ್ಕೆ. ನಕ್ಕಿದ್ದಕ್ಕೂ ನೋವು.
ತುಳಿಯುವ ಕಾಲು ನನ್ನದೇ ಡಾಕ್ಟ್ರೇ,
ಅದು ನನ್ನ ಬೆನ್ನಿಗೆ ಎಟುಕುವುದಿಲ್ಲ.

ರಾತ್ರಿ ಲೆಕ್ಕ ಹಾಕುತ್ತೇನೆ.
ಸಣ್ಣಬೋರ ಸೋಮವಾರ ಬಂದ. ಬುಧವಾರ ಬಂದ. ಶನಿವಾರವೂ.
ಹೋಗಿದ್ದರೆ ಯಾಕೆ ಬರುತ್ತಿದ್ದ?
ಬೆಳಗಿನಿಂದ ನಿಂತೇ ಇದ್ದ ಮನುಷ್ಯನಿಗೆ
ಬೋರಲು ಮಲಗಲು ಒಂದು ನೆಪ ಬೇಕಿತ್ತೇನೋ,
ಕಾಲುಗಂಟೆ, ಯಾರೂ ಬಯ್ಯದ ಜಗಲಿ,
ಮೇಲೊಂದು ಮಗುವಿನ ಭಾರ.
ಕೇಳೋಣವೆಂದರೆ ಆ ಬೆನ್ನುಗಳು ಯಾವುವೂ ಈಗಿಲ್ಲ.

ನನ್ನ ಗಂಡ ಜವರಪ್ಪ ಮೂವತ್ತು ವರ್ಷ ಪಂಕ್ಚರ್ ಹಾಕಿದವನು.
ಟ್ಯೂಬು ನೀರಿಗದ್ದಿ ಗುಳ್ಳೆ ಹುಡುಕುವ ಹಾಗೆ
ಉಸಿರು ಬಿಗಿಹಿಡಿದು
ಹೆಬ್ಬೆರಳಲ್ಲಿ ನನ್ನ ನೋವು ಹುಡುಕುತ್ತಾನೆ.
'ಇಲ್ಲಾ?'
'ಅಲ್ಲ, ವಸಿ ಕೆಳಕ್ಕೆ.'
'ಇಲ್ಲಾ?'
'ಎಡಕ್ಕೆ. ಹೂಂ. ಅಲ್ಲೇ ಇರು.'

ಅಲ್ಲೇ ಇದ್ದ. ಉಪ್ಪು ಆರಿತು,
ಹೊರಗೆ ಕಬ್ಬಿನ ಟ್ರ್ಯಾಕ್ಟರ್ ಎರಡು ದಾಟಿದವು.
ಅವನಿಗೂ ಅರವತ್ತು; ಬಗ್ಗಿ ಕೂತರೆ ಏಳುವುದು ಕಷ್ಟ.
'ಹೋಯ್ತಾ?' ಎಂದ.
ತಿರುಗಿ ಮುಖ ನೋಡಿದೆ.
'ಹೋಯ್ತು ಕಣ' ಎಂದೆ.

ಬೆರಳು ಮೂಸಿಕೊಂಡು,
ಪದಕ ಬಂದವನ ಹಾಗೆ,
ಕೈ ತೊಳೆಯದೆಯೇ ಹೋಗಿ ಮಲಗಿದ.