ಪ್ರಜೆ ಸಂಖ್ಯೆ ಮೂರು

ಸುಲ್ತಾನ್ ಪೇಟೆಯ ಲಗ್ನಪತ್ರಿಕೆ ಅಂಗಡಿಯ ಮೇಲೆ
ಇಪ್ಪತ್ತೆರಡಡಿ ಉದ್ದ, ಹದಿನಾರಡಿ ಅಗಲ
ನಮ್ಮ ದೇಶ.
ಉತ್ತರಕ್ಕೆ ನೀರಿನ ತೊಟ್ಟಿ, ದಕ್ಷಿಣಕ್ಕೆ ಪಕ್ಕದ ಮನೆಯ ಆಂಟೆನಾ,
ಉಳಿದೆರಡು ಕಡೆ ಮೊಣಕಾಲೆತ್ತರದ ಗೋಡೆ,
ಆಮೇಲೆ ಬೆಂಗಳೂರು.

ಒಂದನೇ ಪ್ರಜೆ ಮುನೀರ್, ಎರಡನೇ ಪ್ರಜೆ ಸೀತಾಪತಿ.
ಇಬ್ಬರೂ ಒಂದು ಸಂಜೆ ಕರೆಂಟು ಹೋದಾಗ
ತಮಾಷೆಗೆ ಸ್ವಾತಂತ್ರ್ಯ ಸಾರಿಬಿಟ್ಟರು.
ಮೂರನೆಯವನು ವಜ್ರವೇಲು.
ಕೆಳಗೆ ಅಂಗಡಿಯಲ್ಲಿ ಕಾರ್ಡು ಮಡಿಸುತ್ತಿದ್ದವನು
ನಗು ಕೇಳಿ ಮೇಲೆ ಬಂದ, ಬೆರಳಲ್ಲಿ ಇನ್ನೂ ಗೋಂದು.
"ನಾನೂ ಸೇರಬಹುದಾ?"
ಅವನು ನಗುತ್ತಿರಲಿಲ್ಲ.

ನಾನು ಏಳನೆಯವಳು. ನನ್ನ ಪಾಸ್‌ಪೋರ್ಟ್ ಅವನೇ ಹೊಲಿದ,
ಮಿಕ್ಕ ಕಾರ್ಡಿನ ರಟ್ಟಿನಲ್ಲಿ. ಅಂಚಿಗೆ ಅರಿಸಿನ,
ಹಿಂಬದಿಗೆ ಯಾರದೋ ಮುಹೂರ್ತದ ಅರ್ಧ:
"...ವಾರ ಬೆಳಿಗ್ಗೆ ೯-೧೦ಕ್ಕೆ ಸಲ್ಲುವ ವೃಷಭ..."
ಹವಾಯಿ ಚಪ್ಪಲಿಯ ಹಿಮ್ಮಡಿ ಕೆತ್ತಿ ಮೊಹರು ಮಾಡಿದ್ದ.
ಅಕ್ಷರ ಉಲ್ಟಾ ಬಂತು. ನಮ್ಮ ದೇಶದ ಹೆಸರನ್ನು ಇವತ್ತಿಗೂ
ಕನ್ನಡಿಯಲ್ಲೇ ಓದಬೇಕು.

ಮೆಟ್ಟಿಲ ಕೊನೆಯಲ್ಲಿ ಸ್ಟೂಲು ಹಾಕಿ ಕೂರುತ್ತಿದ್ದ.
"ಏನಾದರೂ ಘೋಷಿಸುವುದಿದೆಯಾ?"
ಸುಂಕ, ತಲೆಗೆ ಐದು ಕಡಲೆಕಾಯಿ.
ಬಾಡಿಗೆ ವಸೂಲಿಗೆ ಬಂದ ಮಾಲೀಕರನ್ನೂ ಬಿಡಲಿಲ್ಲ;
ಅವರು ಗೊಣಗುತ್ತ ಇಳಿದು ಹೋಗಿ ಕೊಂಡು ತಂದರು.
ಒಮ್ಮೆ ಸೀತಾಪತಿ, ಸಾಕು ಮಾಡೋ, ಇದೆಲ್ಲ ಆಟ, ಅಂದ.
ವೇಲು ಷರಟಿನ ಜೇಬಿಂದ ಒಂದು ಚೀಟಿ ತೆಗೆದ.
ರೇಷನ್ ಆಫೀಸಿನದು.
ವಿಳಾಸಕ್ಕೆ ಪುರಾವೆ ಇಲ್ಲ, ತಿರಸ್ಕರಿಸಲಾಗಿದೆ.
ಒಂಬತ್ತನೇ ಸಲ.
ಮತ್ತೆ ಅದನ್ನು ಮಡಿಸಿದ, ಲಗ್ನಪತ್ರಿಕೆ ಮಡಿಸುವ ಹಾಗೆ,
ಮೂಲೆಗೆ ಮೂಲೆ ಕೂಡಿಸಿ, ಉಗುರಿನಿಂದ ಗೀರೆಳೆದು.

ನಾಲ್ಕನೇ ವಿಧಿ ಅವತ್ತು ಬರೆದದ್ದು:
ಬಂದವರನ್ನು ಎಲ್ಲಿಯವರೆಂದು ಕೇಳತಕ್ಕದ್ದಲ್ಲ.

ಆಮೇಲೆ ನಮಗೆಲ್ಲ ಮದುವೆ, ಸೈಟು, ಸಕ್ಕರೆ ಕಾಯಿಲೆ.
ದೇಶಕ್ಕೆ ಹೋಗುವುದು ವರ್ಷಕ್ಕೊಮ್ಮೆಯಾಯಿತು, ಮುಂದೆ ಅದೂ ಇಲ್ಲ.
ಅವನು ಮಾತ್ರ ಭಾನುವಾರ ತಪ್ಪದೆ ಗುಡಿಸಿ ಬರುತ್ತಿದ್ದನಂತೆ.

ಹೋದ ಮಂಗಳವಾರ, ವಿಲ್ಸನ್ ಗಾರ್ಡನ್ ಚಿತಾಗಾರ.
ಗುಮಾಸ್ತ ತಲೆಯೆತ್ತದೆ ಗುರುತಿನ ಚೀಟಿ ಕೇಳಿದ.
ತಂಗಿಯ ಮಗಳು ಕುಮುದವಲ್ಲಿ ಗಾಬರಿಯಲ್ಲಿ
ಚೀಲದಲ್ಲಿ ಕೈಗೆ ಸಿಕ್ಕಿದ್ದನ್ನು ಕೊಟ್ಟಳು:
ರಟ್ಟು, ಅರಿಸಿನದ ಅಂಚು, ಉಲ್ಟಾ ಮೊಹರು.
ನಾನು ಬಾಯಿ ತೆರೆಯುವಷ್ಟರಲ್ಲಿ ಅವನು ಹೆಸರು ಬರೆದುಕೊಂಡು
"ಇದರದ್ದು ಎರಡು ಜೆರಾಕ್ಸ್" ಎಂದು ವಾಪಸ್ಸು ತಳ್ಳಿದ.
ಮಾಳಿಗೆ ಗಣರಾಜ್ಯಕ್ಕೆ ಪರದೇಶವೊಂದು ಕೊಟ್ಟ
ಮೊದಲ ಮನ್ನಣೆ.
ಮುನೀರ್ ಗೇಟಿನ ಹತ್ತಿರ ನಿಂತು ಅತ್ತ. ನಗುತ್ತಿದ್ದನೋ ಏನೋ.

ನಿನ್ನೆ ಸುಲ್ತಾನ್ ಪೇಟೆಗೆ ಹೋಗಿದ್ದೆ.
ಅಂಗಡಿ ಕೆಡವಿ ಆರು ತಿಂಗಳಾಯಿತಂತೆ. ತಗಡಿನ ಬೇಲಿ.
ದೇಶವಿದ್ದ ಎತ್ತರದಲ್ಲಿ ಬರೀ ಗಾಳಿ,
ಪಕ್ಕದ ಗೋಡೆಗೆ ಮೆಟ್ಟಿಲುಗಳ ಗುರುತು, ಹಲ್ಲು ಹಲ್ಲಾಗಿ.
ಬೇಲಿಯ ಸಂದಿಯಿಂದ ಕಾವಲಿನ ಹುಡುಗ ಮುಖ ಹಾಕಿದ.
ಎಲ್ಲಿಯವನೆಂದು ಕೇಳಲಿಲ್ಲ.
ಎಣಿಸಿ ತಂದಿದ್ದ ಐದು ಕಡಲೆಕಾಯಿ
ಅವನ ಅಂಗೈಗೆ ಹಾಕಿದೆ.

ಒಂದನ್ನು ಒಡೆದ. ಜೊಳ್ಳು.
"ಇನ್ನೊಂದು ಕೊಡಿ" ಎಂದ.