ಬೋರ್ಡ್ ಹೋಗಿದೆ

ನೀರು ಹೋಗುವುದಿಲ್ಲ ಎಂದು ಡಬ್ಬಿಯ ಮೇಲೆ ಬರೆದಿರುತ್ತಾರೆ,
ಯಾವ ನೀರು ಎಂದು ಬರೆದಿರುವುದಿಲ್ಲ.
ಕೇಣಿಯ ಕಡಲು ಅವರ ಲ್ಯಾಬಿಗೆ ಹೋಗಿಲ್ಲ,
ನನ್ನ ಅಂಗಡಿಗೆ ದಿನವೂ ಬರುತ್ತದೆ:
ಚಾರ್ಜಿಂಗ್ ತೂತಿನಲ್ಲಿ ಉಪ್ಪಾಗಿ,
ಸ್ಪೀಕರಿನ ಜಾಲರಿಗೆ ಅಂಟಿದ
ತಾರ್ಲೆಯ ಹುರುಪೆಯಾಗಿ.

ಹಲ್ಲುಜ್ಜುವ ಹಳೇ ಬ್ರಷ್ಷಿನಿಂದ ಉಜ್ಜುತ್ತೇನೆ.
ಉಜ್ಜುತ್ತ ಕೇಳಿಸಿಕೊಳ್ಳುತ್ತೇನೆ.
ಅಂಕೋಲೆಯಲ್ಲಿ ಯಾವುದಕ್ಕೆ ಅಭಾವವಿದ್ದರೂ
ಅಭಿಪ್ರಾಯಕ್ಕಿಲ್ಲ.

ಮಡಚುವ ಫೋನು ಬಂದಿದೆಯಂತೆ, ಲಕ್ಷದ ಮೇಲೆ.
'ಮಡಚೂಕೆ ಚಾಪೆ ಸಾಲದಾ?'
ಇದು ಬೊಮ್ಮಯ್ಯ ನಾಯಕರು, ನಿವೃತ್ತ ಕಂಡಕ್ಟರು,
ನನ್ನ ಬೆಂಚಿನ ಕಾಯಂ ಪ್ರಯಾಣಿಕರು.
ಇನಾಸನ ಕೈಗಡಿಯಾರ ದಿನಾ ಬೆಳಿಗ್ಗೆ
ನಿನಗೆ ನಿದ್ದೆ ಸಾಲದು ಅನ್ನುತ್ತದೆ.
'ಎಚ್ಚರ ಇದ್ದವ ನಾನು. ನನಗೇ ಹೇಳ್ತದೆ!'

ಎದುರಿನ ಚಾದಂಗಡಿಯ ಟೀವಿಯಲ್ಲಿ ಎಂಟು ಕಿಟಕಿ,
ಎಂಟರಲ್ಲೂ ತೆರೆದ ಬಾಯಿ.
ಇನ್ನು ಯಂತ್ರವೇ ಸುದ್ದಿ ಓದುವುದಂತೆ,
ನೀರು ಕುಡಿಯದಂತೆ, ತಡವರಿಸದಂತೆ.
'ಒಂದು ಸಲವೂ ಕೆಮ್ಮದವನನ್ನು
ನಾನಂತೂ ನಂಬುವುದಿಲ್ಲ'
ಎಂದರು ಬೊಮ್ಮಯ್ಯನವರು, ಕೆಮ್ಮುತ್ತ.

ಮೀನುಬುಟ್ಟಿ ಖಾಲಿ ಮಾಡಿ ಬಂದ ಮಂಕಾಳಿ
ಸೌಂಡ್ ಬಾಕ್ಸನ್ನು ನನ್ನ ಮೇಜಿಗೆ ಕುಕ್ಕಿದಳು.
'ತಮಾ, ಇದರ ಬಾಯಿ ಸ್ವಲ್ಪ ಕಟ್ಟು.
ಬಂಗಡೆ ನೂರಕ್ಕೆ ಕೊಟ್ಟೆ ಅಂತ ಇಡೀ ಪೇಟೆಗೆ ಸಾರ್ತದೆ,
ಬದಿಗೆ ಕೂತವಳು ತೊಂಬತ್ತಕ್ಕೆ ಇಳಿಸ್ತಾಳೆ.'
ಇದನ್ನು ಮಾಡಿದವರು
ಮೀನುಪೇಟೆಯಲ್ಲಿ ಒಂದು ತಾಸು ಕೂತಿರಲಿಕ್ಕಿಲ್ಲ.

ನನ್ನನ್ನೂ ಕೇಳುವುದುಂಟು, ನಿನ್ನ ಅಭಿಪ್ರಾಯ ಏನು ಎಂದು.
ನನ್ನದು ಎರಡೇ ಶಬ್ದ:
ಬೋರ್ಡ್ ಹೋಗಿದೆ.
ಕೇಳಿದವರು ತಲೆಯಾಡಿಸುತ್ತಾರೆ,
ಡಾಕ್ಟರರ ಮುಂದೆ ಆಡಿಸುವ ಹಾಗೆ.
ಮತ್ತೆ ಕಪಾಟಿನ ಕಡೆ ನೋಡುತ್ತಾರೆ,
ಅಲ್ಲಿ ಸೆಕೆಂಡ್ ಹ್ಯಾಂಡುಗಳನ್ನು
ಒರೆಸಿ ಸಾಲಾಗಿ ನಿಲ್ಲಿಸಿದ್ದೇನೆ.

ಡ್ರಾಯರಿನಲ್ಲಿ ಹದಿನೇಳು, ಯಾರೂ ಒಯ್ಯದವು.
ಬೆನ್ನ ಮೇಲೆ ಚೀಟಿ:
'ಬೆಲೇಕೇರಿ ಅಣ್ಣ', 'ಡಿಸ್ಪ್ಲೇ, ಕೇಳಿ ಹಾಕುವುದು',
'ನೀಲಿ ಕವರು, ನಾಳೆ'.
ಯಾವ ನಾಳೆಯೋ.

ಹನ್ನೊಂದೂ ನಲವತ್ತಕ್ಕೆ ಕೂಗಿತು.
ನನ್ನದು, ಇನಾಸನದು, ಚಾದಂಗಡಿಯವನದು,
ನಿಂತ ಬಸ್ಸಿನ ಕಿಟಕಿ ಕಿಟಕಿಯದು,
ಒಂದೇ ಸಲಕ್ಕೆ, ಒಂದೇ ಕರ್ಕಶ.
ಕಾಗೆ ಹಾರಿದವು. ಬೊಮ್ಮಯ್ಯನವರು ರಸ್ತೆಗೆ ಓಡಿ
ಚಪ್ಪಲಿಗೆಂದು ತಿರುಗಿ ಬಂದರು.
ಇಲ್ಲಿಂದ ಕಡಲು ಕಾಣುವುದಿಲ್ಲ,
ಆದರೂ ಎಲ್ಲರ ಮುಖ
ಒಮ್ಮೆ ಪಡುವಣಕ್ಕೆ ಹೊರಳಿತು.

ಮತ್ತೆ ಓದಿದೆವು: ಇದು ಸರ್ಕಾರದ ಪರೀಕ್ಷೆ ಮಾತ್ರ.
ನೀವು ಏನೂ ಮಾಡಬೇಕಾಗಿಲ್ಲ.

'ಏನೂ ಮಾಡಬೇಕಾಗಿಲ್ಲ ಅಂತ ಹೇಳೂಕೆ ಇಷ್ಟು ಕೂಗಬೇಕಾ?'
ಎಂದ ಇನಾಸ, ಗಡಿಯಾರ ನೋಡಿಕೊಂಡು:
ಎದೆಬಡಿತ ನೂರಾ ಮೂವತ್ತು,
ಶಭಾಸ್, ವ್ಯಾಯಾಮ ಮುಗಿಯಿತು.
ನಗೆ. ಚಾ ಬಂತು.
ಸರ್ಕಾರದ ಬಗ್ಗೆ ಎರಡು ಮಾತು, ಸುನಾಮಿಯ ಬಗ್ಗೆ ನಾಲ್ಕು.

ಡ್ರಾಯರು ಮಾತ್ರ ನಿಲ್ಲಿಸಿರಲಿಲ್ಲ.

ಎಳೆದು ನೋಡಿದೆ. ಕೆಂಪು ಕವರು, ಸೀಳಿದ ಗಾಜು,
ಪರದೆ ಪೂರಾ ಕಪ್ಪು, ಹೊಟ್ಟೆಯೊಳಗೆ ಕೂಗು.
ನಿನ್ನೆ ಹೊಸ ಚಾರ್ಜರನ್ನು ಪರೀಕ್ಷಿಸಲು
ಕೈಗೆ ಸಿಕ್ಕ ಹೆಣಕ್ಕೆ ಸಿಕ್ಕಿಸಿದ್ದೆ.
ಚೌತಿಯ ಹಿಂದಿನ ವಾರ
ನಾನೇ ಅಲುಗಾಡಿಸಿ, ಕಿವಿಗಿಟ್ಟು,
ಎರಡು ಶಬ್ದ ಹೇಳಿ ಪಕ್ಕಕ್ಕಿಟ್ಟದ್ದು.
ಬದಲಿಗೆ ಕೊಟ್ಟದ್ದಕ್ಕೆ
ಮೂರು ಸಾವಿರದ ಇನ್ನೂರು, ಎಣಿಸಿ ತೆಗೆದುಕೊಂಡಿದ್ದೆ.
ನೋಟಿಗೆ ಮೀನಿನ ವಾಸನೆಯಿತ್ತು.

'ಯಾರದು ತಮಾ, ಇನ್ನೂ ಕೂಗೂದು?'
ಮಂಕಾಳಿ ಬಗ್ಗಿ ನೋಡಿದಳು.

ಬಾಯಿಗೆ ಬಂದದ್ದು ಅಭ್ಯಾಸದ ಅದೇ ಮಾತು.
ಬ್ರಷ್ಷು ಕೆಳಗಿಟ್ಟೆ.
'ನಿಂದೇ' ಅಂದೆ.

ಅವಳು ಬುಟ್ಟಿ ಇಳಿಸಿ, ಬೊಮ್ಮಯ್ಯನವರನ್ನು
ಸ್ವಲ್ಪ ಅತ್ತ ಸರಿಸಿ ಬೆಂಚಿನಲ್ಲಿ ಕೂತಳು.
ಸೌಂಡ್ ಬಾಕ್ಸನ್ನು ನನ್ನ ಕೈಯಿಂದ ತೆಗೆದುಕೊಂಡಳು.
'ಇದು ಹಾಗೇ ಇರ್ಲಿ' ಅಂದಳು,
'ದನಿ ತಗ್ಗಿಸೂದು ಬ್ಯಾಡ.
ಈಗ ನಾನು ಮಾತಾಡ್ತೆ.'